ಬಂದರಿನಲ್ಲಿ ಇಳಿದಾಗ ಪಾಸ್‌ಪೋರ್ಟ್ ಎಲ್ಲಿರಬೇಕು?

ಪ್ರಶ್ನೆ: ನಾನು, ನಮ್ಮ ಯಜಮಾನರು, ಅತ್ತೆ-ಮಾವ ಮತ್ತು ಇಬ್ಬರು ಮಕ್ಕಳು ಸಿಂಗಾಪುರದಲ್ಲಿ ಕ್ರೂಸ್ ಹತ್ತಿ, ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಸಿಂಗಾಪುರಕ್ಕೇ ವಾಪಸ್ ಬರುವವರಿದ್ದೇವೆ. ಊರು ನೋಡಲು ಇಳಿದಾಗ ಪಾಸ್‌ಪೋರ್ಟ್ ಜೊತೆಗೆ ಒಯ್ಯಬೇಕೋ, ಕೋಣೆಯಲ್ಲೇ ಬಿಡಬೇಕೋ? ಹಡಗಿನವರೇ ಇಸಿದುಕೊಂಡು ಇಟ್ಟುಕೊಳ್ಳುತ್ತಾರೆ ಎಂದೂ ಕೇಳಿದ್ದೇವೆ. ಮಾವನವರಿಗೆ ಇದೇ ಚಿಂತೆಯಾಗಿದೆ.

ಉತ್ತರ: ಮಾವನವರ ಚಿಂತೆ ಸರಿಯಾದದ್ದೇ. ಚುಟುಕಾಗಿ ಮೊದಲು ಹೇಳಿಬಿಡುತ್ತೇನೆ. ಈ ಬಂದರಿಗೆ ಪಾಸ್‌ಪೋರ್ಟ್ ಬೇಕು ಎಂದು ಹಡಗಿನವರು ಹೇಳಿದ್ದರೆ ಒಯ್ಯಿರಿ. ಹೇಳದಿದ್ದರೆ ಅದು ಕೋಣೆಯ ಲಾಕರ್‌ನಲ್ಲಿರಲಿ, ನಿಮ್ಮ ಜೇಬಿನಲ್ಲಿ ಜೆರಾಕ್ಸ್ ಇರಲಿ. ಅವರೇ ಇಸಿದುಕೊಂಡಿದ್ದರೆ ಗಾಬರಿಯಾಗುವುದು ಬೇಡ.

ಅವರು ಯಾಕೆ ಇಸಿದುಕೊಳ್ಳುತ್ತಾರೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಒಂದು ಹಡಗಿನಿಂದ ಎರಡು-ಮೂರು ಸಾವಿರ ಜನ ಒಂದೇ ಬೆಳಿಗ್ಗೆ ಇಳಿಯುತ್ತಾರೆ. ವಿಮಾನ ನಿಲ್ದಾಣದ ಹಾಗೆ ಒಬ್ಬೊಬ್ಬರೂ ಕೌಂಟರ್ ಮುಂದೆ ನಿಂತರೆ ಊರಿಗೆ ಕಾಲಿಡುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಆದ್ದರಿಂದ ಪ್ರಯಾಣಿಕರ ಪಟ್ಟಿ ಹಡಗಿಗಿಂತ ಮೊದಲೇ ಆ ದೇಶದ ಇಮಿಗ್ರೇಷನ್‌ಗೆ ತಲುಪುತ್ತದೆ. ಹಲವು ಮಾರ್ಗಗಳಲ್ಲಿ ಹತ್ತುವಾಗಲೇ ಪಾಸ್‌ಪೋರ್ಟ್ ಪಡೆದು, ಅಧಿಕಾರಿಗಳಿಗೆ ಒಟ್ಟಿಗೆ ತೋರಿಸಿ, ಪ್ರವಾಸದ ಕೊನೆಯಲ್ಲಿ ಹಿಂದಿರುಗಿಸುತ್ತಾರೆ. ಕೊಡುವ ಮುಂಚೆ ಮೊದಲ ಪುಟ, ಕೊನೆಯ ಪುಟ ಮತ್ತು ವೀಸಾದ ಫೋಟೋ ತೆಗೆದುಕೊಳ್ಳಿ. ರಸೀದಿ ಕೊಟ್ಟರೆ ಜೋಪಾನವಾಗಿಡಿ.

ಕೆಲವು ಬಂದರುಗಳಲ್ಲಿ ಪಟ್ಟಿ ಸಾಲದು, ಅಧಿಕಾರಿಗಳು ಮುಖ ನೋಡಿಯೇ ಬಿಡುತ್ತಾರೆ. ಆಗ ಇಷ್ಟು ಗಂಟೆಗೆ ಇಂಥ ಹಾಲ್‌ಗೆ ಬನ್ನಿ ಎಂದು ಹಿಂದಿನ ರಾತ್ರಿ ಕೋಣೆಗೆ ಚೀಟಿ ಬರುತ್ತದೆ. ಎಲ್ಲರನ್ನೂ ಕರೆಯದೆ ಕೆಲವು ದೇಶದವರನ್ನಷ್ಟೇ ಕರೆಯುವುದೂ ಉಂಟು. ಆ ಸಾಲಿನಲ್ಲಿ ಭಾರತೀಯರು ಇರುವುದು ಅಪರೂಪವಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಆದರೆ ಚೀಟಿ ಓದದೆ ಮಲಗಬೇಡಿ. ನಮ್ಮ ಪಣಂಬೂರಿಗೆ ಬರುವ ವಿದೇಶಿ ಹಡಗುಗಳ ಪ್ರವಾಸಿಗರಿಗೂ ಹೀಗೆಯೇ. ಕದ್ರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಲು ನಾಲ್ಕೇ ಗಂಟೆ ಇಳಿದರೂ ಭಾರತದ ವೀಸಾ ಇರಬೇಕು, ಅಧಿಕಾರಿಯ ಮುಂದೆ ನಿಲ್ಲಬೇಕು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕೈಯಲ್ಲಿದ್ದ ಪಾಸ್‌ಪೋರ್ಟ್ ಊರಿನಲ್ಲಿ ಕಳೆದುಹೋಗುವುದು ಒಂದು ಕಷ್ಟ. ಪಾಸ್‌ಪೋರ್ಟ್ ಹಡಗಿನಲ್ಲಿದ್ದು ನೀವು ಹಡಗು ತಪ್ಪಿಸಿಕೊಳ್ಳುವುದು ಇನ್ನೊಂದು. ಎರಡರಲ್ಲಿ ಮೊದಲನೆಯದೇ ದೊಡ್ಡದು ಎನ್ನುತ್ತೇನೆ. ಪೆನಾಂಗ್‌ನಲ್ಲಿ ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು ಬರೆಸಬೇಕು. ಭಾರತದ ಹೈಕಮಿಷನ್ ಇರುವುದು ಮುನ್ನೂರು ಕಿಲೋಮೀಟರಿಗೂ ಆಚೆ ಕ್ವಾಲಾಲಂಪುರದಲ್ಲಿ. ಹಡಗು ಅಂದೇ ಸಂಜೆ ಹೊರಟುಬಿಡುತ್ತದೆ. ತುರ್ತಿಗೆ ಸಿಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಹಿಂದಿರುಗಲು ಮಾತ್ರ, ಒಂದೇ ಸಲಕ್ಕೆ. ಸಿಂಗಾಪುರದ ವೀಸಾ ಇದ್ದದ್ದೂ ಕಳೆದುಹೋದ ಪಾಸ್‌ಪೋರ್ಟಿನ ಸಂಖ್ಯೆಯ ಮೇಲೆ. ಅಲ್ಲಿಗೆ ಪ್ರವಾಸ ಮುಗಿಯಿತು.

ಹಡಗು ತಪ್ಪಿದವರಿಗೆ ಒಂದು ದಾರಿ ಉಳಿದಿರುತ್ತದೆ. ಹಡಗು ಹತ್ತಿಳಿಯುವ ಗ್ಯಾಂಗ್‌ವೇಯಲ್ಲಿ ಹಡಗಿನವರು ಕೊಟ್ಟ ಕಾರ್ಡ್ ತೋರಿಸಿದಾಗ ಟಿಂಗ್ ಎನ್ನುತ್ತದಲ್ಲ, ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ. ಹೊರಡುವ ಹೊತ್ತಿಗೂ ಬಾರದವರ ಕೋಣೆಯ ಲಾಕರ್ ತೆರೆದು, ಪಾಸ್‌ಪೋರ್ಟನ್ನು ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರ ಕೈಗೆ ಕೊಟ್ಟು ಹೋಗುವುದು ಹಡಗುಗಳಲ್ಲಿ ಸಾಮಾನ್ಯ ರೂಢಿ. ಅದಕ್ಕೇ ಲಾಕರ್‌ನಲ್ಲೇ ಇಡಿ ಎನ್ನುವುದು. ಸೀರೆಯ ಮಡಿಕೆಯೊಳಗೋ ಸೂಟ್‌ಕೇಸಿನ ತಳದಲ್ಲೋ ಬಚ್ಚಿಟ್ಟರೆ ಅವರಿಗೆ ಸಿಗುವುದಿಲ್ಲ. ಏಜೆಂಟರ ಫೋನ್ ನಂಬರ್ ಪ್ರತಿದಿನದ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ. ಇಳಿಯುವ ಮುನ್ನ ಆ ಹಾಳೆಯದೊಂದು ಫೋಟೋ ತೆಗೆಯಿರಿ. ಕಾಣದಿದ್ದರೆ ಗೆಸ್ಟ್ ಸರ್ವೀಸಸ್ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ.

ನಾವು ಪೆನಾಂಗ್‌ಗೆ ಹೋದಾಗ ಅಪ್ಪ ಎಷ್ಟು ಹೇಳಿದರೂ ಕೇಳದೆ ಪಾಸ್‌ಪೋರ್ಟನ್ನು ಅಂಗಿಯ ಒಳಜೇಬಿನಲ್ಲಿಟ್ಟು ತಂದಿದ್ದರು. ಸ್ವೆಟನ್‌ಹ್ಯಾಮ್ ಪಿಯರ್‌ನಿಂದ ಹೊರಬಿದ್ದರೆ ಗಡಿಯಾರದ ಗೋಪುರ, ಕಾರ್ನ್‌ವಾಲಿಸ್ ಕೋಟೆ, ಸ್ವಲ್ಪ ನಡೆದರೆ ಲಿಟಲ್ ಇಂಡಿಯಾದ ಮಾರಿಯಮ್ಮನ್ ಗುಡಿ, ಎಲ್ಲ ಕಾಲ್ನಡಿಗೆಯ ದೂರವೇ. ಆದರೆ ಅಲ್ಲಿಯ ಸೆಕೆ ಮಂಗಳೂರಿನ ಏಪ್ರಿಲ್‌ನಂಥದ್ದು. ಅಪ್ಪ ಹತ್ತು ಹೆಜ್ಜೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ಗೋಪುರವನ್ನು ತಲೆಯೆತ್ತಿ ನೋಡಲೇ ಇಲ್ಲ. ಸಂಜೆ ತೆಗೆದಾಗ ಹೊದಿಕೆ ಬೆವರಿಗೆ ಮೆತ್ತಗಾಗಿತ್ತು, ಒಳಗಿಟ್ಟಿದ್ದ ವೀಸಾ ಪ್ರಿಂಟ್ ಮಡಿಕೆಯಲ್ಲೇ ಹರಿದಿತ್ತು. ಅವರು ಆ ದಿನವಿಡೀ ಅದನ್ನೇ ಕಾದರಲ್ಲ ಎಂದು ನನಗೆ ಇಂದಿಗೂ ಸಂಕಟ.

ಇಳಿಯುವಾಗ ಹಡಗಿನ ಕಾರ್ಡ್, ಪಾಸ್‌ಪೋರ್ಟಿನ ಜೆರಾಕ್ಸ್, ಫೋಟೋ ಇರುವ ಇನ್ನೊಂದು ಗುರುತಿನ ಚೀಟಿ ಇದ್ದರೆ ಸಾಕು. ಇವು ಪ್ರತಿಯೊಬ್ಬರ ಬಳಿಯೂ ಇರಬೇಕು. ನಮ್ಮ ಮನೆಗಳಲ್ಲಿ ಎಲ್ಲರ ಕಾಗದವೂ ಒಬ್ಬರ ಬ್ಯಾಗಿನಲ್ಲಿರುತ್ತದೆ. ಅತ್ತೆಯವರು ಅಂಗಡಿಯೊಂದರಲ್ಲಿ ಹಿಂದುಳಿದು, ನೀವು ಮಕ್ಕಳೊಂದಿಗೆ ಮುಂದೆ ಹೋಗಿಬಿಟ್ಟರೆ ಅವರ ಕೈಯಲ್ಲಿ ತಾವು ಯಾರೆಂದು ಹೇಳುವ ಒಂದು ಚೂರು ಕಾಗದವೂ ಇರುವುದಿಲ್ಲ. ಅವರವರ ಜೆರಾಕ್ಸಿನ ಹಿಂದೆ ಹಡಗಿನ ಹೆಸರು, ವಾಪಸ್ ಹತ್ತಬೇಕಾದ ಸಮಯ, ನಿಮ್ಮ ಮೊಬೈಲ್ ನಂಬರ್ ಬರೆದು ಕೊಡಿ. ಕೋಣೆ ಸಂಖ್ಯೆ ಬರೆಯಬೇಡಿ.

ಫುಕೆಟ್‌ನಲ್ಲಿ ಮೂರು ಎಚ್ಚರಿಕೆಗಳಿವೆ. ಥಾಯ್ಲೆಂಡ್ ಸಮಯ ಸಿಂಗಾಪುರ, ಮಲೇಷ್ಯಾಗಳಿಗಿಂತ ಒಂದು ಗಂಟೆ ಹಿಂದೆ. ದಡ ಸೇರುತ್ತಿದ್ದಂತೆ ಫೋನು ತಾನಾಗಿ ಬದಲಾಗುತ್ತದೆ, ಹಡಗು ಸಿಂಗಾಪುರದ ಸಮಯದಲ್ಲೇ ಇರಬಹುದು. ಹಾಗಿದ್ದರೆ ಹಡಗಿನಲ್ಲಿ ಐದಾದಾಗ ನಿಮ್ಮ ಫೋನಿನಲ್ಲಿ ನಾಲ್ಕು. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಒಬ್ಬರಾದರೂ ಕಟ್ಟಿಕೊಳ್ಳಿ. ಎರಡನೆಯದು, ಸ್ಕೂಟರ್ ಬಾಡಿಗೆಗೆ ಕೊಡುವವರು ಪಾಸ್‌ಪೋರ್ಟನ್ನೇ ಅಡವಾಗಿ ಕೇಳುತ್ತಾರೆ. ಖಂಡಿತ ಕೊಡಬೇಡಿ, ಆ ಗಾಡಿಯೇ ಬೇಡ. ಮೂರನೆಯದು, ಹಣ ಬದಲಾಯಿಸಲು ಮತ್ತು ಸಿಮ್ ಕೊಳ್ಳಲು ಅಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಆದ್ದರಿಂದ ಎರಡನ್ನೂ ಸಿಂಗಾಪುರದಲ್ಲೇ ಮುಗಿಸಿಬಿಡಿ. ಪಟಾಂಗ್ ಕಡಲತೀರದ ಎದುರು ಹಡಗು ಸಮುದ್ರದಲ್ಲೇ ಲಂಗರು ಹಾಕಿದರೆ ಚಿಕ್ಕ ದೋಣಿಯಲ್ಲಿ ದಡ ಸೇರಬೇಕು, ನೀರು ಎರಚುತ್ತದೆ. ಕಾಗದಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು, ಏಕೆಂದರೆ ಜನ ಹೆಚ್ಚಾಗಿ ಎಡವುವುದು ಇಲ್ಲಿ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿದೆ ಎಂದು ನಿಶ್ಚಿಂತರಾಗುತ್ತಾರೆ. ಆದರೆ ಹಡಗು ಹತ್ತಿದ ಕೂಡಲೇ ನೀವು ಸಿಂಗಾಪುರ ಬಿಟ್ಟಂತೆ, ಕೊನೆಯ ದಿನ ಇಳಿದಾಗ ಎರಡನೇ ಸಲ ಪ್ರವೇಶಿಸಿದಂತೆ. ಸಿಂಗಾಪುರದ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿದೆಯೇ ಎಂದು ಟಿಕೆಟ್ ಕಾಯ್ದಿರಿಸುವ ಮುನ್ನವೇ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ಸಿಂಗಾಪುರದ ಆನ್‌ಲೈನ್ ಅರೈವಲ್ ಕಾರ್ಡನ್ನು ತಲುಪುವ ಮುನ್ನ ಮೂರು ದಿನಗಳೊಳಗೆ ತುಂಬಬೇಕು, ಹಡಗಿನಲ್ಲಿ ಹಿಂದಿರುಗುವಾಗ ಮತ್ತೊಮ್ಮೆ. ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಮಲೇಷ್ಯಾ, ಥಾಯ್ಲೆಂಡ್‌ಗಳಿಗೂ ಇಂಥ ಕಾರ್ಡ್‌ಗಳಿವೆ, ನಿಮ್ಮ ಹಡಗಿಗೆ ಅವು ಬೇಕೇ ಎಂದು ಕ್ರೂಸ್‌ನವರನ್ನೇ ಕೇಳಿ.

ಪಾಸ್‌ಪೋರ್ಟ್ ಹಡಗಿನವರ ಬಳಿಯಿದ್ದರೆ ವಾಪಸ್ ಪಡೆಯುವಾಗ ಕೌಂಟರಿನಲ್ಲೇ ಆರನ್ನೂ ಬಿಡಿಸಿ, ಒಂದೊಂದರ ಫೋಟೋ ನೋಡಿ. ಹೊರಗಿನಿಂದ ಎಲ್ಲವೂ ಒಂದೇ ನೀಲಿ ಪುಸ್ತಕ. ನಿಮ್ಮ ಹಿಂದಿನ ಸಾಲಿನಲ್ಲಿರುವ ಕುಟುಂಬದ್ದೂ ಅದೇ ಬಣ್ಣದ್ದಾಗಿರಬಹುದು.