ಹಳೇ ರೇಕ್ ಯಾವಾಗ ಹೋಗುತ್ತದೆ? ಮಂಗಳೂರು–ಉಡುಪಿ ಹಳಿ ಹಿಡಿದು ಒಂದು ಟಿಪ್ಪಣಿ

ಪ್ಯಾಸೆಂಜರ್ ರೈಲು ಹಳತಾಗಿದೆ, ಬದಲಾಯಿಸಿ ಅಂತ ಅರ್ಜಿ ಕೊಡುವವರಿಗೆ ನಮ್ಮ ಕರಾವಳಿಯಲ್ಲಿ ಬರಗಾಲವಿಲ್ಲ. ರೇಕ್ ಅಂದರೆ ಒಟ್ಟಿಗೆ ಜೋಡಿಸಿದ ಬೋಗಿಗಳ ಪೂರ್ತಿ ಸಾಲು. ಆದರೆ ರೈಲು ಹಳತಾಗುವುದು ಅಂದರೇನು? ಹೊಸದು ಬರಬೇಕಾದರೆ ಏನೇನು ತಯಾರಾಗಿರಬೇಕು? ಬಿಡಿಸಿ ನೋಡಿದರೆ ಬೋಗಿಯ ವಯಸ್ಸು ಇದರಲ್ಲಿ ಒಂದು ಸಣ್ಣ ಭಾಗ ಅಷ್ಟೇ. ತಲೆ ಮೇಲಿನ ತಂತಿ, ಕೊನೇ ನಿಲ್ದಾಣದ ಪಿಟ್ ಲೈನ್ (ಬೋಗಿಯ ಅಡಿಭಾಗ ನೋಡಲು ಕೆಳಗೆ ಗುಂಡಿ ಇರುವ ಹಳಿ), ನಡುವಿನ ಒಂಟಿ ಹಳಿ, ಇವುಗಳ ಮಾತೇ ಜಾಸ್ತಿ ನಡೆಯುತ್ತದೆ. ಈ ಟಿಪ್ಪಣಿ ಅದರ ಬಗ್ಗೆ.

ವಯಸ್ಸಿನ ಲೆಕ್ಕ

ರೈಲ್ವೆಯಲ್ಲಿ ಪ್ರತಿ ಸ್ವತ್ತಿಗೂ ಒಂದು ‘ಕೋಡಲ್ ಲೈಫ್’ ಇರುತ್ತದೆ. ಇಷ್ಟು ವರ್ಷ ದುಡಿಯಲಿ ಅಂತ ಪುಸ್ತಕದಲ್ಲಿ ಬರೆದಿಟ್ಟ ಆಯಸ್ಸು. ನಾವೆಲ್ಲ ನೀಲಿ ಬಣ್ಣದಲ್ಲಿ ನೋಡಿ ಬೆಳೆದ ಐಸಿಎಫ್ ಬೋಗಿಗೆ ಅದು 25 ವರ್ಷ. ಅದರ ನಂತರ ಬಂದ ಎಲ್‌ಎಚ್‌ಬಿ ಬೋಗಿಗೆ 35. ಐಸಿಎಫ್ ಅಂದರೆ ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಕಾರ್ಖಾನೆ. ಆ ಬೋಗಿಯ ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನದು. ಎಲ್‌ಎಚ್‌ಬಿ ಜರ್ಮನಿಯದು, 2000ದ ಹೊತ್ತಿಗೆ ಇಲ್ಲಿಗೆ ಬಂತು. ಹಳೇ ವಿನ್ಯಾಸದ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಿದ್ದದ್ದು 2018ರ ಜನವರಿಯಲ್ಲಿ.

ಈಗ ಕೂಡಿಸಿ ನೋಡಿ. 2018ಕ್ಕೆ 25 ಸೇರಿದರೆ 2043. ಪುಸ್ತಕದ ಪ್ರಕಾರವೇ ಹೋದರೆ ಆ ಬೋಗಿ 2043ರ ತನಕ ಓಡಬಹುದು. ತಯಾರಿಕೆ ನಿಂತಿತು ಅನ್ನುವುದು ಬೇರೆ, ಹಳಿಯಿಂದ ಹೋಯಿತು ಅನ್ನುವುದು ಬೇರೆ. ಪರೀಕ್ಷೆಗೆ ಓದುವವರು ಇವೆರಡನ್ನು ಕಲಸಿಕೊಳ್ಳಬೇಡಿ. ನಡುವಿನಲ್ಲಿ ‘ಮಿಡ್ ಲೈಫ್ ರಿಹ್ಯಾಬಿಲಿಟೇಶನ್’ ಅಂತ ಒಂದು ಹಂತವೂ ಇದೆ. ಅರ್ಧ ಆಯಸ್ಸು ಕಳೆದ ಬೋಗಿಯನ್ನು ಬಿಚ್ಚಿ, ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ಶೀಟು ಬೆಸೆದು, ಒಳಗಿನದ್ದೆಲ್ಲ ಬದಲಿಸಿ ಕಳಿಸುತ್ತಾರೆ. ಭೋಪಾಲ್‌ನಲ್ಲಿ ಇದಕ್ಕೆಂದೇ ಒಂದು ಕಾರ್ಯಾಗಾರ ಇದೆ. ಜನರನ್ನು ಹೊತ್ತು ಮುಗಿದ ಬೋಗಿಗೂ ಕೆಲಸ ತಪ್ಪುವುದಿಲ್ಲ. ಕಿಟಕಿ ಮುಚ್ಚಿ, ತುದಿಯಲ್ಲಿ ಅಗಲದ ಬಾಗಿಲು ಇಟ್ಟು, ಹೊಸ ಕಾರು ಸಾಗಿಸುವ ಎನ್‌ಎಂಜಿ ವ್ಯಾಗನ್ ಮಾಡುತ್ತಾರೆ. ಗೂಡ್ಸ್ ರೈಲಿನಲ್ಲಿ ಕಿಟಕಿ ಮುಚ್ಚಿದ ಬೋಗಿ ಕಂಡರೆ ಅದು ಇದೇ.

ಆದರೆ ಪುಸ್ತಕದ 25 ವರ್ಷ ಎಲ್ಲ ಕಡೆ ಒಂದೇ ಅಲ್ಲ. ಕರಾವಳಿಯಲ್ಲಿ ಕಬ್ಬಿಣದ ಗೇಟು ಎಷ್ಟು ಬೇಗ ತಿಂದು ಹೋಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪಿನ ಗಾಳಿ, ಜೂನ್‌ನಿಂದ ತಿಂಗಳುಗಟ್ಟಲೆ ಮಳೆ. ಹಳೇ ಬೋಗಿಯಲ್ಲಿ ತುಕ್ಕು ಮೊದಲು ಹಿಡಿಯುವ ಜಾಗಗಳನ್ನು ನೋಡಿ: ಬಾಗಿಲ ಹೊಸ್ತಿಲು, ಶೌಚಾಲಯದ ನೆಲದ ಅಡಿ, ಪಕ್ಕದ ಗೋಡೆ ಅಡಿಚೌಕಟ್ಟಿಗೆ ಸೇರುವ ಉದ್ದ ಪಟ್ಟಿ. ನೀರು ನಿಲ್ಲುವುದು ಅಲ್ಲೇ. ಮೇಲಿಂದ ಬಣ್ಣ ಚೆನ್ನಾಗಿರುತ್ತದೆ. ಬಾಗಿಲ ಬಳಿ ಬಣ್ಣ ಗುಳ್ಳೆ ಎದ್ದಿದ್ದರೆ, ಬೆರಳಿನಿಂದ ಒತ್ತಿದಾಗ ಕೆಂಪು ಪುಡಿ ಉದುರಿದರೆ, ಒಳಗಿನ ಶೀಟು ಸೋತಿದೆ ಅಂತಲೇ ಅರ್ಥ. ಎಲ್‌ಎಚ್‌ಬಿ ಮತ್ತು ಹೊಸ ಮೆಮು (ಬೇರೆ ಎಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ ಸ್ಥಳೀಯ ರೈಲು) ಬೋಗಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸುವುದರ ಮುಖ್ಯ ಲಾಭ ಇಲ್ಲಿದೆ. ವೇಗದ ಮಾತು ಎಲ್ಲರೂ ಆಡುತ್ತಾರೆ. ನಮ್ಮ ಊರಿಗೆ ತುಕ್ಕಿನ ಮಾತೇ ದೊಡ್ಡದು.

ಬೋಗಿ ಬದಲಾದರೆ ಪ್ಲಾಟ್‌ಫಾರ್ಮಿನ ಲೆಕ್ಕವೂ ಬದಲಾಗುತ್ತದೆ. ಐಸಿಎಫ್ ಬೋಗಿ ಬಫರ್ ಸೇರಿ ಸುಮಾರು 22.3 ಮೀಟರ್, ಎಲ್‌ಎಚ್‌ಬಿ ಸುಮಾರು 24. ಹಳೆಯದು 24 ಬೋಗಿ ನಿಲ್ಲುತ್ತಿದ್ದ ಜಾಗದಲ್ಲಿ ಹೊಸದು 22 ಮಾತ್ರ. ಹೊಸ ರೇಕ್ ಬಂದ ಮೇಲೆ ಜನರಲ್ ಬೋಗಿ ಯಾಕೆ ಕಡಿಮೆಯಾಯಿತು ಅಂತ ಕೇಳುವವರಿಗೆ ಅರ್ಧ ಉತ್ತರ ಇದು. ಇನ್ನರ್ಧ ನೀತಿಯ ವಿಷಯ, ಇಲ್ಲಿ ಬೇಡ.

ಒಂದು ದಿನದಲ್ಲಿ ಹಳತಾದ ಡೆಮು

ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲು ಮೊದಲು ಓಡಿದ್ದು 1993ರ ಮಾರ್ಚ್ 20ರಂದು. ಇಡೀ ದಾರಿ ತೆರೆದದ್ದು 1998ರ ಜನವರಿ 26ಕ್ಕೆ. ಅಲ್ಲಿಂದ 2022ರ ತನಕ ಈ ಭಾಗದಲ್ಲಿ ಡೀಸೆಲ್ಲೇ ಗತಿ. ಹಾಗಾಗಿ ಮಡಗಾಂವ್–ಮಂಗಳೂರು ಸ್ಥಳೀಯ ಸಂಚಾರಕ್ಕೆ ಡೆಮು ಇತ್ತು. ಡೆಮುವಿನಲ್ಲಿ ಬೇರೆ ಎಂಜಿನ್ ಇರುವುದಿಲ್ಲ. ತುದಿಯ ಪವರ್ ಕಾರಿನಲ್ಲಿ ಡೀಸೆಲ್ ಎಂಜಿನ್ ಇರುತ್ತದೆ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟು ಗಾಲಿಯ ಮೋಟಾರಿಗೆ ಹೋಗುತ್ತದೆ.

ಸುಮಾರು 740 ಕಿಲೋಮೀಟರ್ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದು, 2022ರ ಜೂನ್ 20ರಂದು ಬೆಂಗಳೂರಿನ ಕಾರ್ಯಕ್ರಮದಲ್ಲಿ ಪ್ರಧಾನಿ ಅದನ್ನು ಲೋಕಾರ್ಪಣೆ ಮಾಡಿದರು. ಖರ್ಚು 1,280 ಕೋಟಿ ರೂಪಾಯಿಗೂ ಜಾಸ್ತಿ. ಬೆಂಗಳೂರು ಉಪನಗರ ರೈಲಿನ 148 ಕಿಲೋಮೀಟರ್ ಯೋಜನೆಗೆ ಶಂಕುಸ್ಥಾಪನೆ ಆದದ್ದೂ ಅದೇ ದಿನ. ಒಂದೇ ತಾರೀಕು, ನೆನಪಿಡುವುದು ಸುಲಭ.

ತಂತಿ ಬಂದ ಮೇಲೆ ಡೆಮು ಹೋಗಿ ಮೆಮು ಬಂತು. ಡೆಮುವಿಗೆ ವಯಸ್ಸಾಯಿತು ಅಂತ ಅಲ್ಲ. ತಂತಿಯ ಕೆಳಗೆ ಡೀಸೆಲ್ ಸುಡುವುದು ನಷ್ಟ, ಅಷ್ಟೇ. ರೇಕ್ ಬದಲಾವಣೆಗೆ ಕಾರಣ ಬರೆಯಿರಿ ಅಂದರೆ ‘ವಯಸ್ಸು’ ಅಂತ ಒಂದೇ ಪದ ಬರೆದು ಸುಮ್ನಾಗಬೇಡಿ.

ಮೆಮು ಯಾಕೆ ಚುರುಕು

ಸಾಮಾನ್ಯ ಪ್ಯಾಸೆಂಜರ್‌ನಲ್ಲಿ ಮುಂದೆ ಸುಮಾರು 120 ಟನ್ನಿನ ಎಂಜಿನ್. ಹಿಂದೆ ಸುಮ್ನೆ ಉರುಳುವ ಬೋಗಿಗಳು. ಹಳಿಯನ್ನು ಹಿಡಿದು ತಳ್ಳುವುದು ಎಂಜಿನ್ನಿನ ಆರು ಅಚ್ಚು ಮಾತ್ರ. ಮೆಮುವಿನಲ್ಲಿ ಮೋಟಾರುಗಳು ರೈಲಿನ ಉದ್ದಕ್ಕೂ ಹಂಚಿಹೋಗಿರುತ್ತವೆ. ಉಡುಪಿಯ ರಥಬೀದಿಯಲ್ಲಿ ತೇರಿನ ಹಗ್ಗಕ್ಕೆ ಉದ್ದಕ್ಕೂ ಕೈ ಹಾಕಿದ ಹಾಗೆ. ಹೊರಡುವಾಗ ಬೇಗ ವೇಗ ಹಿಡಿಯುತ್ತದೆ.

ಎಷ್ಟು ಬೇಗ? ಲೆಕ್ಕಕ್ಕೆ ಅಂದಾಜು ಸಂಖ್ಯೆ ಇಟ್ಟುಕೊಳ್ಳೋಣ. ರೈಲು ಗಂಟೆಗೆ 90 ಕಿಲೋಮೀಟರ್ ಮುಟ್ಟಬೇಕು, ಅಂದರೆ ಸೆಕೆಂಡಿಗೆ 25 ಮೀಟರ್. ಎಂಜಿನ್ ಎಳೆಯುವ ರೈಲಿನ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ಏರುವ ವೇಗ, ಸರಾಸರಿ ಸೆಕೆಂಡಿಗೆ 0.15 ಮೀಟರ್, ಮೆಮುವಿನದು 0.4 ಅಂತ ಹಿಡಿಯಿರಿ. ವೇಗ ಹಿಡಿಯುವಾಗ ಕಳೆದುಕೊಳ್ಳುವ ಸಮಯದ ಸೂತ್ರ ಸುಲಭ: ವೇಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ. ಮೊದಲನೆಯದು 25 ಭಾಗಿಸು 0.3, ಸುಮಾರು 83 ಸೆಕೆಂಡ್. ಎರಡನೆಯದು 25 ಭಾಗಿಸು 0.8, ಸುಮಾರು 31. ಒಂದು ನಿಲುಗಡೆಗೆ 52 ಸೆಕೆಂಡ್ ಉಳಿಯಿತು. ಹತ್ತು ನಿಲುಗಡೆಗೆ ಎಂಟೂವರೆ ನಿಮಿಷಕ್ಕೂ ಜಾಸ್ತಿ.

ಹೊಸ ತ್ರೀ-ಫೇಸ್ ಮೆಮುವಿನಲ್ಲಿ ಇನ್ನೊಂದು ಲಾಭ ಇದೆ. ಹಳೇ ಮೆಮುವಿನ ಡಿಸಿ ಮೋಟಾರಿಗೆ ಕಾರ್ಬನ್ ಬ್ರಶ್ ಬೇಕು. ಅದು ಸವೆಯುತ್ತದೆ, ಪುಡಿಯಾಗುತ್ತದೆ, ಆಗಾಗ ಬದಲಿಸಬೇಕು. ತ್ರೀ-ಫೇಸ್ ಇಂಡಕ್ಷನ್ ಮೋಟಾರಿನಲ್ಲಿ ಬ್ರಶ್ಶೇ ಇಲ್ಲ. ಬ್ರೇಕ್ ಹಾಕಿದಾಗ ಅದೇ ಮೋಟಾರು ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತದೆ. ಪದೇ ಪದೇ ನಿಲ್ಲುವ ರೈಲಿಗೆ ಇದು ದೊಡ್ಡ ಉಳಿತಾಯ. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುವುದರಿಂದ ಮಂಗಳೂರು ಸೆಂಟ್ರಲ್‌ನಲ್ಲಿ ಎಂಜಿನ್ ಕಳಚಿ, ಸುತ್ತು ಹಾಕಿಸಿ, ಆಚೆ ತುದಿಗೆ ಜೋಡಿಸುವ ರಗಳೆಯೂ ಇಲ್ಲ.

ಇಷ್ಟೆಲ್ಲ ಉಳಿಸಿದ ನಿಮಿಷಗಳು ಎಲ್ಲಿ ಹೋಗುತ್ತವೆ? ಕ್ರಾಸಿಂಗ್‌ಗೆ. ತೋಕೂರು ದಾಟಿದ ಮೇಲೆ ಸುರತ್ಕಲ್, ಮುಲ್ಕಿ, ನಂದಿಕೂರು, ಪಡುಬಿದ್ರಿ, ಇನ್ನಂಜೆ, ಉಡುಪಿ. ಎಲ್ಲ ಒಂದೇ ಹಳಿ. ಕೊಂಕಣ ಮಾರ್ಗದಲ್ಲಿ 2021ರಲ್ಲಿ ಜೋಡಿ ಹಳಿ ಆದದ್ದು ರೋಹಾ–ವೀರ್ ನಡುವಿನ ಸುಮಾರು 47 ಕಿಲೋಮೀಟರ್. ಅದು ಮಹಾರಾಷ್ಟ್ರದಲ್ಲಿ. ನಮ್ಮ ಕಡೆ ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ಸ್ಥಳೀಯ ರೈಲು ಲೂಪ್ ಲೈನಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ಕಾಯಬೇಕು. ಸಾಲದ್ದಕ್ಕೆ ಮಳೆಗಾಲದ ವೇಳಾಪಟ್ಟಿ ಬೇರೆ. ಅದು ಮೊದಲು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಜೋರು ಮಳೆ ಬಂದು ದಾರಿ ಕಾಣದಿದ್ದರೆ 40 ಕಿಲೋಮೀಟರ್ ವೇಗದಲ್ಲೇ ಹೋಗಬೇಕೆಂಬ ಸೂಚನೆ ಇದೆ. ಆಗ ಮೋಟಾರು ಎಷ್ಟು ಚುರುಕಾಗಿದ್ದರೇನು.

ಮುಂಬಯಿ ಲೋಕಲ್ ಪಟ್ಟ ಪಾಡು

ನಮ್ಮ ಜಿಲ್ಲೆಯಲ್ಲಿ ಮುಂಬಯಿ ಲೋಕಲ್ ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. ಹೋಟೆಲು, ಬ್ಯಾಂಕು, ಮಿಲ್ಲು ಅಂತ ಹೋದವರೆಲ್ಲ ಅದರಲ್ಲೇ ನೇತಾಡಿದವರು. ಉಪನಗರ ರೈಲು ಬದಲಾಯಿಸುವುದು ಎಷ್ಟು ಗೋಜಲು ಅಂತ ತಿಳಿಯಲು ಅದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

ಅಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, ಆಗಿನ ವಿಟಿಯಿಂದ ಕುರ್ಲಾಕ್ಕೆ. ತಂತಿಯಲ್ಲಿ 1,500 ವೋಲ್ಟ್ ಡಿಸಿ. ಇದರ ತೊಂದರೆ ಒಂದು ಗುಣಾಕಾರದಲ್ಲಿ ಗೊತ್ತಾಗುತ್ತದೆ. ರೈಲಿಗೆ 3 ಮೆಗಾವ್ಯಾಟ್ ಬೇಕು ಅನ್ನಿ. 1,500 ವೋಲ್ಟಿನಲ್ಲಾದರೆ 2,000 ಆಂಪಿಯರ್ ಎಳೆಯಬೇಕು. 25,000 ವೋಲ್ಟಿನಲ್ಲಾದರೆ ಬರೀ 120. ಕಡಿಮೆ ವೋಲ್ಟೇಜ್ ಅಂದರೆ ದಪ್ಪ ತಂತಿ, ಹತ್ತಿರ ಹತ್ತಿರ ಸಬ್‌ಸ್ಟೇಷನ್. ಉದ್ದದ ರೈಲು, ಜಾಸ್ತಿ ರೈಲು ಬೇಕಾದಾಗ ಡಿಸಿ ಸೋತಿತು.

ಆದರೆ ಒಂದೇ ರಾತ್ರಿಯಲ್ಲಿ ಎಲ್ಲ ಬದಲಿಸಲು ಆಗುತ್ತದೆಯೇ? ಅದಕ್ಕೇ ಎರಡೂ ವೋಲ್ಟೇಜಿನಲ್ಲಿ ಓಡುವ ರೇಕ್‌ಗಳನ್ನು ಮೊದಲು ತಂದರು. ಆಮೇಲೆ ತುಂಡು ತುಂಡಾಗಿ ತಂತಿ ಬದಲಿಸಿದರು. ಪಶ್ಚಿಮ ರೈಲ್ವೆಯಲ್ಲಿ 2012ಕ್ಕೆ, ಕೊನೆಗೆ ಹಾರ್ಬರ್ ಮಾರ್ಗದಲ್ಲಿ 2016ಕ್ಕೆ ಮುಗಿಯಿತು. ಹಳೇ ಡಿಸಿ ರೇಕ್‌ಗಳಿಗೆ ಆಗಲೇ ವಿದಾಯ. ಇಲ್ಲೂ ಗಮನಿಸಿ, ಅವನ್ನು ಕೊನೆಗೆ ಹಳಿಯಿಂದ ಹೊರಗೆ ಹಾಕಿದ್ದು ವಯಸ್ಸಲ್ಲ, ತಂತಿ.

ಎಸಿ ಲೋಕಲ್ ವಿಷಯ ಇನ್ನೂ ಮಜಾ ಇದೆ. ಮೊದಲ ರೇಕ್ ಸೆಂಟ್ರಲ್ ರೈಲ್ವೆಗೆ ಅಂತ ಬಂತು. ಆದರೆ ಅಲ್ಲಿ ಬ್ರಿಟಿಷರ ಕಾಲದ ಸೇತುವೆಗಳು ತಗ್ಗು, ರೈಲು ಎತ್ತರ. ಕೊನೆಗೆ ಅದನ್ನು ಪಶ್ಚಿಮ ರೈಲ್ವೆಗೆ ಕೊಟ್ಟರು. 2017ರ ಡಿಸೆಂಬರ್ 25ರಂದು ಬೋರಿವಲಿ–ಚರ್ಚ್‌ಗೇಟ್ ನಡುವೆ ಓಡಿತು. ಸೆಂಟ್ರಲ್‌ಗೆ ಎಸಿ ಲೋಕಲ್ ಸಿಕ್ಕಿದ್ದು 2020ರ ಜನವರಿಯಲ್ಲಿ, ಪನ್ವೇಲ್–ಥಾಣೆ ದಾರಿಯಲ್ಲಿ.

ಬಾಗಿಲಿನ ಪ್ರಶ್ನೆಯನ್ನು ಮಾತ್ರ ತಮಾಷೆ ಮಾಡುವ ಹಾಗಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನಿಂತವರು ಹಳಿಗೆ ಬಿದ್ದು ಸತ್ತರು. ಎಸಿ ಇಲ್ಲದ ರೇಕ್‌ಗೂ ತಾನೇ ಮುಚ್ಚುವ ಬಾಗಿಲು ಕೊಡುತ್ತೇವೆ ಅಂತ ರೈಲ್ವೆ ಹೇಳಿತು. ಬಾಗಿಲು ಮುಚ್ಚಿದರೆ ಒಳಗೆ ಉಸಿರು ಕಟ್ಟುತ್ತದಲ್ವಾ? ಅದಕ್ಕೆ ಬಾಗಿಲಲ್ಲಿ ಗಾಳಿ ಪಟ್ಟಿ, ಚಾವಣಿಯಿಂದ ಹೊಸ ಗಾಳಿ ತಳ್ಳುವ ಯಂತ್ರ, ಬೋಗಿಯಿಂದ ಬೋಗಿಗೆ ದಾಟಲು ದಾರಿ, ಹೀಗೆ ಮೂರು ಬದಲಾವಣೆ ಹೇಳಿದರು. ಹಳೇ ರೇಕ್‌ಗೆ ಬಾಗಿಲು ಮಾತ್ರ ಸಿಕ್ಕಿಸಿದರೆ ಸಾಲದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ತೋಕೂರಿನ ಗಡಿ

ನಮ್ಮಲ್ಲಿಗೆ ಹೊಸ ರೇಕ್ ಕೇಳುವುದು ಯಾರ ಹತ್ತಿರ? ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ. ಪುತ್ತೂರು, ಸುಬ್ರಹ್ಮಣ್ಯ ರೋಡ್ ಕಡೆಗೆ ಹೋದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಒಂದೇ ಊರು, ಮೂರು ಯಜಮಾನರು. ರೇಕ್ ಹಂಚಿಕೆ ಆಗುವುದು ವಲಯದ ಲೆಕ್ಕದಲ್ಲಿ. ನನ್ನ ಮಟ್ಟಿಗೆ ಕರಾವಳಿಯ ಸ್ಥಳೀಯ ರೈಲಿಗೆ ಬೋಗಿಯ ಹಳತನಕ್ಕಿಂತ ದೊಡ್ಡ ಅಡ್ಡಿ ಇದೇ. ಉಡುಪಿಯಿಂದ ಪುತ್ತೂರಿಗೆ ನೇರ ಮೆಮು ಬೇಕು ಅಂದರೆ ಮೂವರೂ ಒಂದೇ ವೇಳಾಪಟ್ಟಿಗೆ ಸಹಿ ಹಾಕಬೇಕು.

ರೇಕ್ ಸಿಕ್ಕಿತು ಅನ್ನಿ. ಅದನ್ನು ಎಲ್ಲಿ ತೊಳೆಯುವುದು, ಎಲ್ಲಿ ಬಿಚ್ಚಿ ನೋಡುವುದು? ಮೆಮುವಿನ ಮೋಟಾರು, ಕನ್ವರ್ಟರ್ ಎಲ್ಲ ಬೋಗಿಯ ಜೊತೆಗೇ ಇರುವುದರಿಂದ ಸಾಮಾನ್ಯ ಬೋಗಿ ನೋಡುವ ಜಾಗ ಸಾಲದು. ತಂತಿ ಇರುವ ಪಿಟ್ ಲೈನ್, ಚಾವಣಿ ಮೇಲೆ ಹತ್ತಿ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟು ಎಳೆಯುವ ತೋಳು) ನೋಡುವ ಅಟ್ಟ, ಬಿಡಿಭಾಗದ ದಾಸ್ತಾನು, ತರಬೇತಾದ ಕೈಗಳು ಬೇಕು. ದಕ್ಷಿಣ ರೈಲ್ವೆಯ ಈ ಬದಿಯಲ್ಲಿ ಮೆಮು ಶೆಡ್ ಇರುವುದು ಪಾಲಕ್ಕಾಡ್ ಮತ್ತು ಕೊಲ್ಲಂನಲ್ಲಿ. ಶೆಡ್ ದೂರ ಇದ್ದಷ್ಟು ರೇಕ್ ತಪಾಸಣೆಗೆ ಹೋಗಿ ಬರುವ ಸಮಯ ವ್ಯರ್ಥ, ಬದಲಿ ರೇಕ್ ಇಲ್ಲದಿದ್ದರೆ ಆ ದಿನ ಸಂಚಾರ ರದ್ದು. ಹಾಗಾಗಿ ‘ಹೊಸ ಮೆಮು ಕೊಡಿ’ ಅನ್ನುವ ಅರ್ಜಿಯ ಮೊದಲ ಸಾಲು ‘ಮಂಗಳೂರಿನಲ್ಲಿ ಮೆಮು ಶೆಡ್ ಕೊಡಿ’ ಅಂತಿರಬೇಕು.

ಪ್ಲಾಟ್‌ಫಾರ್ಮ್ ಎತ್ತರವನ್ನೂ ಅದೇ ಅರ್ಜಿಗೆ ಸೇರಿಸಬೇಕು. ಬೋಗಿಯ ನೆಲ ಹಳಿಯಿಂದ 1.2 ಮೀಟರಿಗೂ ಮೇಲೆ. ಎತ್ತರದ ಪ್ಲಾಟ್‌ಫಾರ್ಮ್ 760ರಿಂದ 840 ಮಿಲಿಮೀಟರ್, ತಗ್ಗಿನದು 455. ತಗ್ಗಿನ ಪ್ಲಾಟ್‌ಫಾರ್ಮಿನಿಂದ ಬೋಗಿಗೆ ಮುಕ್ಕಾಲು ಮೀಟರ್ ಹತ್ತಬೇಕು. ಮೀನಿನ ಬುಟ್ಟಿ ಹಿಡಿದವರು, ಮೊಣಕಾಲು ನೋವಿನ ಅಜ್ಜಿಯಂದಿರು ಒಬ್ಬೊಬ್ಬರಾಗಿ ಕಂಬಿ ಹಿಡಿದು ಹತ್ತುವಾಗ ಒಂದು ನಿಮಿಷದ ನಿಲುಗಡೆ ಎರಡಾಗುತ್ತದೆ. ಮೇಲೆ ಮೋಟಾರಿನಿಂದ ಉಳಿಸಿದ 52 ಸೆಕೆಂಡ್ ಅಲ್ಲಿಗೆ ಸರಿ.

ಮುಂದೆ ಬರಬಹುದಾದದ್ದು ನಮೋ ಭಾರತ್ ರ‍್ಯಾಪಿಡ್ ರೈಲು. ಅಹಮದಾಬಾದ್–ಭುಜ್ ನಡುವೆ 2024ರ ಸೆಪ್ಟೆಂಬರ್ 16ರಂದು ಶುರುವಾಯಿತು. 12 ಬೋಗಿ, ಎಸಿ, ತಾನೇ ಮುಚ್ಚುವ ಬಾಗಿಲು, ಗಂಟೆಗೆ 110 ಕಿಲೋಮೀಟರ್. ಇಂಥದ್ದು ಮಂಗಳೂರು–ಉಡುಪಿ–ಮಡಗಾಂವ್ ದಾರಿಗೆ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನಿಸುತ್ತದೆ. ಟಿಕೆಟ್ ದರ ಮಾತ್ರ ಪ್ಯಾಸೆಂಜರ್‌ನದ್ದಲ್ಲ. ದಿನಾ ಕಾಲೇಜಿಗೆ, ಆಸ್ಪತ್ರೆಗೆ, ಕೂಲಿಗೆ ಬರುವವರಿಗೆ ಮೆಮುವೇ ಸರಿ. ಎಸಿ ರೈಲು ಬಂದರೆ ಅದು ಮೆಮು ಜೊತೆಗೆ ಬರಲಿ, ಮೆಮುವಿನ ಜಾಗಕ್ಕೆ ಬೇಡ.