ಚಿಕ್ಕ ಡಿಸ್ಟ್ರಿಕ್ಟ್, ದೊಡ್ಡ ತಲಾ ಖರ್ಚು: ಹಣವೆಲ್ಲ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಕೆಲಸದ ನಿಮಿತ್ತ ನಾವು ಅಮೆರಿಕದ ಒಂದು ಹಳ್ಳಿಗಾಡಿನ ಊರಿಗೆ ಹೋಗಿ ನೆಲೆಸಬೇಕಾಗಿದೆ. ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕದಲ್ಲಿ) ಎಲ್ಲ ತರಗತಿಗಳೂ ಸೇರಿ ಸುಮಾರು 300 ಮಕ್ಕಳಿದ್ದಾರೆ. ತಲಾ ಖರ್ಚು ರಾಜ್ಯದ ಸರಾಸರಿಗಿಂತ ಹೆಚ್ಚಿದೆ, ಗಣಿತದ ಫಲಿತಾಂಶ ಮಾತ್ರ ಸರಾಸರಿಗಿಂತ ಕೆಳಗಿದೆ. ಇಷ್ಟು ಹಣವಿದ್ದೂ ಹೀಗೇಕೆ? ಅಲ್ಲಿ ದುಂದುವೆಚ್ಚ ನಡೆಯುತ್ತಿದೆಯೇ?

ಉತ್ತರ: ಸಣ್ಣ ಊರಿನ ಆಸ್ಪತ್ರೆಗೋ ಕಾರ್ಖಾನೆಗೋ ಕೆಲಸಕ್ಕೆ ಹೊರಟ ಕುಟುಂಬಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತವೆ, ಮತ್ತು ಪ್ರತಿ ಸಲವೂ ಅದರೊಳಗೆ ಅದೇ ತಪ್ಪು ಕಲ್ಪನೆ ಅಡಗಿರುತ್ತದೆ. ತಲಾ ಖರ್ಚು ಹೆಚ್ಚಿದ್ದರೆ ಶಾಲೆಯ ಕೈಯಲ್ಲಿ ಹಣ ಧಾರಾಳವಾಗಿದೆ ಎಂಬುದೇ ಆ ಕಲ್ಪನೆ. ಅದು ತಪ್ಪು. ಎಷ್ಟು ಸಲ ಹೇಳಿದರೂ ಅದು ಅಳಿಯದ ಕಾರಣ, ಈ ಬಾರಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ತಲಾ ಖರ್ಚೆಂದರೆ ಒಟ್ಟು ವೆಚ್ಚವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಮೊತ್ತ. ಆದರೆ ಶಾಲೆಯ ವೆಚ್ಚಗಳಲ್ಲಿ ಬಹುಪಾಲು ಮಕ್ಕಳ ಸಂಖ್ಯೆ ಇಳಿದಂತೆ ಇಳಿಯುವಂಥವಲ್ಲ. ಒಂದು ಸ್ಕೂಲ್ ಬಸ್ಸಿನ ಚಾಲಕನ ಸಂಬಳ, ಇಂಧನ, ದುರಸ್ತಿ ಎಲ್ಲ ಸೇರಿ ವರ್ಷಕ್ಕೆ 60,000 ಡಾಲರ್ ಆಗುತ್ತದೆ ಎಂದಿಟ್ಟುಕೊಳ್ಳಿ. ಪಟ್ಟಣದಲ್ಲಿ ಆ ಬಸ್ಸಿಗೆ 50 ಮಕ್ಕಳು ಹತ್ತಿದರೆ ತಲಾ 1,200 ಡಾಲರ್. ಮನೆಗಳು ಮೈಲಿಗಟ್ಟಲೆ ದೂರ ದೂರ ಚದುರಿರುವ ಕಡೆ 15 ಮಕ್ಕಳು ಹತ್ತಿದರೆ ತಲಾ 4,000 ಡಾಲರ್. ಬಸ್ಸು ಅದೇ, ಚಾಲಕನ ಸಂಬಳವೂ ಅದೇ. ಹೆಚ್ಚಾಗಿ ಕೊಟ್ಟ 2,800 ಡಾಲರಿನಿಂದ ಯಾವ ಮಗುವಿಗೂ ಒಂದು ಪಾಠ ಹೆಚ್ಚು ಸಿಗಲಿಲ್ಲ. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಖರ್ಚು, ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರ ಸಂಬಳ, ವಾರ್ಷಿಕ ಲೆಕ್ಕಪರಿಶೋಧನೆ, ಆರು ಮಕ್ಕಳಿಗಾಗಿ ನಡೆಸಲೇಬೇಕಾದ ಭೌತಶಾಸ್ತ್ರದ ತರಗತಿ, ಇವೆಲ್ಲವೂ ಹೀಗೆಯೇ.

ವಿಶೇಷ ಶಿಕ್ಷಣದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ತೀವ್ರವಾಗಿರುತ್ತದೆ. ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಸೂಕ್ತ ಶಿಕ್ಷಣ ಕೊಡಬೇಕೆಂಬುದು 1975ರ ಕಾನೂನು, ಅದು ನ್ಯಾಯವೂ ಹೌದು. ಇಂಥ ಶಿಕ್ಷಣದ ಹೆಚ್ಚುವರಿ ಹೊರೆಗೆ ರಾಷ್ಟ್ರೀಯ ಸರಾಸರಿ ತಲಾ ವೆಚ್ಚದ ಶೇಕಡ 40ರವರೆಗೆ ಫೆಡರಲ್ (ಕೇಂದ್ರ) ಸರ್ಕಾರ ಕೊಡಬಹುದೆಂದು ಆ ಕಾನೂನು ಹೇಳಿತ್ತು. ಆ ಮಟ್ಟವನ್ನು ಸರ್ಕಾರ ಇಂದಿಗೂ ತಲುಪಿಲ್ಲ, ಹತ್ತಿರಕ್ಕೂ ಬಂದಿಲ್ಲ. ಒಂದು ಮಗುವಿನ ಆರೈಕೆ ಮತ್ತು ಕಲಿಕೆಗೆ ವರ್ಷಕ್ಕೆ 80,000 ಡಾಲರ್ ಬೇಕಾದರೆ, 10,000 ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಅದು ತಲಾ 8 ಡಾಲರಿನಷ್ಟು ಏರಿಕೆ, 300 ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಸುಮಾರು 267 ಡಾಲರ್. ಇದನ್ನು ದುಂದುವೆಚ್ಚ ಎನ್ನುವವರು ಯಾವ ಮಗುವನ್ನು ಕೈಬಿಡಬೇಕಿತ್ತು ಎಂಬುದನ್ನೂ ಹೇಳಬೇಕು.

ಇನ್ನೊಂದು ಎಚ್ಚರಿಕೆ. ನೀವು ನೋಡಿದ ಅಂಕಿ ಒಟ್ಟು ವೆಚ್ಚವೋ ಚಾಲ್ತಿ ವೆಚ್ಚವೋ ಪರೀಕ್ಷಿಸಿ. ಚಾಲ್ತಿ ವೆಚ್ಚದಲ್ಲಿ ಕಟ್ಟಡ ನಿರ್ಮಾಣವಾಗಲಿ ಸಾಲದ ಮರುಪಾವತಿಯಾಗಲಿ ಸೇರುವುದಿಲ್ಲ. ಸೋರುವ ಛಾವಣಿಯನ್ನು ಬದಲಿಸಿದ ವರ್ಷ ಚಿಕ್ಕ ಡಿಸ್ಟ್ರಿಕ್ಟಿನ ಒಟ್ಟು ವೆಚ್ಚ ಒಮ್ಮೆಲೇ ಜಿಗಿದು ಕಾಣುತ್ತದೆ.

ಹಾಗಾದರೆ ಹೆಚ್ಚಿನ ಹಣ ಯಾರು ಕೊಡುತ್ತಾರೆ? ಹಲವು ರಾಜ್ಯಗಳ ಅನುದಾನ ಸೂತ್ರಗಳು ವಿರಳ ಜನವಸತಿಯನ್ನು ಗಣನೆಗೆ ತೆಗೆದುಕೊಳ್ಳುತ್ತವೆ. ವಿಸ್ಕಾನ್ಸಿನ್ ಇದಕ್ಕೆಂದೇ ಪ್ರತ್ಯೇಕ ನೆರವು ಕೊಡುತ್ತದೆ. ಫೆಡರಲ್ ಸರ್ಕಾರವೂ ಸರಾಸರಿ ಹಾಜರಾತಿ 600ಕ್ಕಿಂತ ಕಡಿಮೆ ಇರುವ ಗ್ರಾಮೀಣ ಡಿಸ್ಟ್ರಿಕ್ಟುಗಳಿಗೆ ಒಂದು ಅನುದಾನ ಕೊಡುತ್ತದೆ, ಆದರೆ ಅದರ ಗರಿಷ್ಠ ಮಿತಿಯೇ ವರ್ಷಕ್ಕೆ 60,000 ಡಾಲರ್. ಅದರಲ್ಲಿ ಒಬ್ಬ ಶಿಕ್ಷಕರ ಸಂಬಳ ಮತ್ತು ವಿಮೆ ಹೊರಟರೆ ಹೆಚ್ಚು. ಉಳಿದ ಸ್ಥಳೀಯ ಹಣ ಬರುವುದು ಪ್ರಾಪರ್ಟಿ ಟ್ಯಾಕ್ಸಿನಿಂದ, ಮತ್ತು ಹೊಲಗಳ ಮೇಲಿನ ತೆರಿಗೆಯನ್ನು ರಾಜ್ಯಗಳು ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಕಡಿಮೆಯಾದ ಕೃಷಿ ಮೌಲ್ಯದ ಮೇಲೆ ಹಾಕುತ್ತವೆ, ಹಾಗಾಗಿ ಹೊಲಗಳಿಂದ ಬರುವ ತೆರಿಗೆಯೂ ಕಡಿಮೆಯೇ.

ಈಗ ಗಣಿತದ ಫಲಿತಾಂಶ. ಇಲ್ಲಿಯೂ ಅದೇ ಭಾಗಾಕಾರ. ಫೆಡರಲ್ ಕಾನೂನಿನಂತೆ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಯುತ್ತದೆ. 4ನೇ ತರಗತಿಯಲ್ಲಿ 12 ಮಕ್ಕಳಿದ್ದರೆ ಒಬ್ಬೊಬ್ಬರೂ ಶೇಕಡ 8ಕ್ಕಿಂತ ಹೆಚ್ಚು ತೂಗುತ್ತಾರೆ. ಕಳೆದ ವರ್ಷ ಏಳು ಮಕ್ಕಳು, ಈ ವರ್ಷ ಐದು ಮಕ್ಕಳು ನಿಗದಿತ ಮಟ್ಟ ಮುಟ್ಟಿದರೆ ಫಲಿತಾಂಶ 58ರಿಂದ 42ಕ್ಕೆ ಕುಸಿದಂತೆ ಕಾಣುತ್ತದೆ. ನಿಜದಲ್ಲಿ ಎರಡು ಕುಟುಂಬಗಳು ಊರು ಬಿಟ್ಟಿರಬಹುದು, ಅಷ್ಟೇ. ಉತ್ತರ ಕ್ಯಾರೊಲೈನಾದ ಶಾಲೆಗಳನ್ನು ಪರಿಶೀಲಿಸಿದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ಈ ಏರಿಳಿತವನ್ನೇ 2002ರಲ್ಲಿ ಎತ್ತಿ ತೋರಿಸಿದರು: ಫಲಿತಾಂಶಗಳ ಪಟ್ಟಿಯ ತುದಿಯಲ್ಲಿಯೂ ತಳದಲ್ಲಿಯೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಒಂದು ವರ್ಷದ ಅಂಕಿಯನ್ನು ಬದಿಗಿಟ್ಟು, ಮೂರು ನಾಲ್ಕು ವರ್ಷಗಳ ಎಲ್ಲ ತರಗತಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿ. ಆಗಲೂ ಕೆಳಗಿದ್ದರೆ ಚಿಂತಿಸಲು ಕಾರಣವಿದೆ.

ನಿಜವಾದ ಕೊರತೆಗಳು ಇಲ್ಲವೆಂದಲ್ಲ, ಅವು ಈ ಅಂಕಿಗಳಲ್ಲಿ ಕಾಣುವುದಿಲ್ಲ. ಗಣಿತ ಶಿಕ್ಷಕರು ಬಿಟ್ಟುಹೋದರೆ ಬದಲಿಗೆ ಯಾರಾದರೂ ಸಿಗುತ್ತಾರೆಯೇ, ಒಬ್ಬರೇ ಶಿಕ್ಷಕರು ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಕಲಿಸುತ್ತಿದ್ದಾರೆಯೇ, ಪ್ರೌಢಶಾಲೆಯಲ್ಲಿ ಕ್ಯಾಲ್ಕುಲಸ್ ಸಿಗುತ್ತದೆಯೇ ಎಂದು ಕೇಳಿ. ವಾರಕ್ಕೆ ನಾಲ್ಕೇ ದಿನ ಶಾಲೆಯೇ ಎಂಬುದನ್ನೂ ಕೇಳಿ; ಕೊಲೊರಾಡೊದ ಅರ್ಧಕ್ಕಿಂತ ಹೆಚ್ಚು ಡಿಸ್ಟ್ರಿಕ್ಟುಗಳು ಹಾಗೆಯೇ ನಡೆಯುತ್ತಿವೆ.

ಇದನ್ನೆಲ್ಲ ಓದಿದ ಮೇಲೆ ಚಿಕ್ಕ ಡಿಸ್ಟ್ರಿಕ್ಟುಗಳನ್ನು ಪಕ್ಕದ್ದರೊಂದಿಗೆ ವಿಲೀನ ಮಾಡಬಾರದೇಕೆ ಎಂದು ಅನಿಸಬಹುದು. ಆ ಕೆಲಸ ಬಹುಮಟ್ಟಿಗೆ ಆಗಿಹೋಗಿದೆ: 1940ರ ಸುಮಾರಿಗೆ 1,17,000ದಷ್ಟಿದ್ದ ಡಿಸ್ಟ್ರಿಕ್ಟುಗಳು ಈಗ ಸುಮಾರು 13,000ಕ್ಕೆ ಇಳಿದಿವೆ. ಆರ್ಕನ್ಸಾ ರಾಜ್ಯ 2004ರಲ್ಲಿ 350 ಮಕ್ಕಳಿಗಿಂತ ಕಡಿಮೆ ಇರುವ ಡಿಸ್ಟ್ರಿಕ್ಟುಗಳು ವಿಲೀನವಾಗಲೇಬೇಕೆಂಬ ಕಾನೂನನ್ನೂ ತಂದಿತು. ಎರಡು ಶಾಲೆಗಳು ಹತ್ತು ಮೈಲಿ ಅಂತರದಲ್ಲಿದ್ದರೆ ವಿಲೀನವನ್ನು ನಾನೂ ಒಪ್ಪುತ್ತೇನೆ. ನಲವತ್ತು ಮೈಲಿ ಅಂತರದಲ್ಲಿದ್ದರೆ ಒಬ್ಬ ಸೂಪರಿಂಟೆಂಡೆಂಟರ ಸಂಬಳದಲ್ಲಿ ಉಳಿದ ಹಣದ ಬಹುಪಾಲನ್ನು ಬಸ್ಸು ತಿನ್ನುತ್ತದೆ, ಆರು ವರ್ಷದ ಮಗು ದಿನಕ್ಕೆ ಎರಡು ಗಂಟೆ ಆ ಬಸ್ಸಿನಲ್ಲಿಯೇ ಕಳೆಯುತ್ತದೆ. ನೀವು ಹೋಗುವ ಊರಿನಲ್ಲಿ ವಿಲೀನದ ಮಾತು ನಡೆದಿದೆಯೇ ಎಂದು ಮನೆ ಕೊಳ್ಳುವ ಮುಂಚೆ ವಿಚಾರಿಸಿ. ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡಿನ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಅವುಗಳ ನಡಾವಳಿಯೂ ಬಜೆಟ್ಟೂ ಸಾರ್ವಜನಿಕ ದಾಖಲೆಗಳೇ. ಕಳೆದ ಒಂದು ವರ್ಷದ ನಡಾವಳಿಗಳನ್ನು ಓದಿದರೆ ಇದಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ.