ಝೂಮ್ ಉದ್ದವಾದಂತೆ ಕುಗ್ಗುವ ಬೆಳಕು

ಚಳಿಗಾಲ ಕಳೆಯುತ್ತ ಬಂದಂತೆ ನಮ್ಮ ಲ್ಯಾಬಿಗೆ ಬರುವ ಫಿಲ್ಮ್ ರೋಲ್‌ಗಳಲ್ಲಿ ರಂಗನತಿಟ್ಟು ಮತ್ತು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಹೆಚ್ಚಾಗುತ್ತವೆ. ಅಜ್ಜನ ಬೀರುವಿನಿಂದ ಹೊರಬಂದ ಪೆಂಟಾಕ್ಸ್ ಕೆ1000 ಅಥವಾ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನಿಕಾನ್ ಎಫ್‌ಎಂ2, ಅದಕ್ಕೊಂದು 70–300 ಝೂಮ್ ಲೆನ್ಸ್, ಒಳಗೆ 200 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ) ಕಲರ್ ಫಿಲ್ಮ್. ಡೆವಲಪ್ ಮಾಡಿ ಒಣಗಲು ತೂಗುಹಾಕಿದ ಫಿಲ್ಮನ್ನು ನೋಡಿದರೆ ಪ್ರವಾಸದ ಕಥೆ ಅಲ್ಲೇ ತಿಳಿಯುತ್ತದೆ. ಮೈಸೂರು ಅರಮನೆ, ಶ್ರೀರಂಗಪಟ್ಟಣದ ಗುಂಬಜ್, ಮಕ್ಕಳ ಮುಖಗಳು ಸ್ಪಷ್ಟವಾಗಿ, ತುಂಬಿಕೊಂಡು ಮೂಡಿರುತ್ತವೆ. ದೋಣಿ ಹತ್ತಿದ ಮೇಲಿನ ಫ್ರೇಮುಗಳು ಮಾತ್ರ ತೆಳುವಾಗಿ, ಅಲುಗಾಡಿ, ಹಕ್ಕಿ ಯಾವುದು ಕೊಂಬೆ ಯಾವುದು ಎಂದು ಗೊತ್ತಾಗದಂತಿರುತ್ತವೆ. ಸ್ಕ್ಯಾನ್ ಕೈಗೆ ಸಿಕ್ಕ ಕೂಡಲೇ ಪ್ರಶ್ನೆ ಬರುತ್ತದೆ: “ಸಾರ್, ಲೆನ್ಸಿನಲ್ಲಿ ಫಂಗಸ್ ಇರಬಹುದೇ? ಕೆಮಿಕಲ್ ಹಳೆಯದಾಗಿತ್ತೇ?”

ಎರಡೂ ಸಾಧ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದೇ ರೋಲಿನಲ್ಲಿ, ಅದೇ ಲೆನ್ಸಿನಲ್ಲಿ ತೆಗೆದ ಗುಂಬಜ್ ಚೆನ್ನಾಗಿ ಬಂದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಬಹುಪಾಲು ಸಂದರ್ಭಗಳಲ್ಲಿ ಆ ಕಾರಣ ಲೆನ್ಸಿನ ಮುಂಭಾಗದ ಉಂಗುರದ ಮೇಲೆಯೇ ಅಚ್ಚಾಗಿರುತ್ತದೆ. ಎಲ್ಲರೂ 70–300 ಎಂಬುದನ್ನು ಓದುತ್ತಾರೆ. ಅದರ ಪಕ್ಕದಲ್ಲಿರುವ 4–5.6 ಎಂಬುದನ್ನು ಓದುವವರು ಕಡಿಮೆ.

ಈ ಎರಡನೇ ಜೋಡಿ ಹೇಳುವುದಿಷ್ಟು: ಲೆನ್ಸ್ 70 ಮಿ.ಮೀ.ನಲ್ಲಿರುವಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಬಾಯಿ, ಹೆಚ್ಚೆಂದರೆ ಎಫ್/4ರಷ್ಟು ತೆರೆಯುತ್ತದೆ, 300ಕ್ಕೆ ತಿರುಗಿಸಿದಾಗ ಹೆಚ್ಚೆಂದರೆ ಎಫ್/5.6ರಷ್ಟು. ನಾಲ್ಕರಿಂದ ಐದೂವರೆಗೆ ಹೋದರೆ ಏನು ಮಹಾ ಎಂದು ಅನ್ನಿಸುವುದು ಸಹಜ. ಆದರೆ ಇವೆರಡರ ನಡುವಿನ ಅಂತರ ಪೂರ್ತಿ ಒಂದು ಸ್ಟಾಪ್, ಅಂದರೆ ಫಿಲ್ಮಿಗೆ ತಲುಪುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಎಫ್ ಸಂಖ್ಯೆಯೆಂದರೆ ಲೆನ್ಸಿನ ಫೋಕಲ್ ಲೆಂಗ್ತನ್ನು (70, 300 ಎಂಬ ಆ ಮಿ.ಮೀ. ಸಂಖ್ಯೆಯನ್ನು) ಅದರ ಬಾಯಿಯ ಅಗಲದಿಂದ ಭಾಗಿಸಿದ ಫಲ. 300 ಮಿ.ಮೀ.ಗೆ ಎಫ್/4 ಬೇಕೆಂದರೆ 75 ಮಿ.ಮೀ. ಅಗಲದ ಬಾಯಿ ಬೇಕು, ಎಫ್/5.6ಕ್ಕೆ ಸುಮಾರು 54 ಮಿ.ಮೀ. ಸಾಕು. ಮೊದಲ ತಲೆಮಾರಿನ ಜನಪ್ರಿಯ ಝೂಮ್‌ಗಳಲ್ಲಿ, ಉದಾಹರಣೆಗೆ 1963ರ ನಿಕಾನ್ 43–86 ಎಫ್/3.5ರಲ್ಲಿ, ಮುಂದೆ ಬಂದ 80–200 ಎಫ್/4.5ರಲ್ಲಿ, ಈ ಸಂಖ್ಯೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬದಲಾಗುತ್ತಿರಲಿಲ್ಲ. ಅದನ್ನು ಬದಲಾಗಲು ಬಿಟ್ಟಿದ್ದರಿಂದಲೇ ಆಮೇಲಿನ ಝೂಮ್‌ಗಳು ಹಗುರವೂ ಅಗ್ಗವೂ ಆದವು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಉಳಿಸಿದ ತೂಕಕ್ಕೆ ತೆತ್ತ ಬೆಲೆ ಬೆಳಕು ಎಂಬುದು ಬಳಸುವವರಿಗೆ ಗೊತ್ತಿರಬೇಕು, ಅಷ್ಟೇ.

ಕ್ಯಾಮೆರಾದ ಮೀಟರ್ ಕೆಲಸ ಮಾಡುತ್ತಿದ್ದರೆ ಈ ಇಳಿಕೆಯನ್ನು ಅದೇ ಗಮನಿಸುತ್ತದೆ, ಏಕೆಂದರೆ ಅದು ಲೆನ್ಸಿನ ಮೂಲಕ ಬಂದ ಬೆಳಕನ್ನೇ ಅಳೆಯುತ್ತದೆ. ತೊಂದರೆಯಿರುವುದು ಮೊಬೈಲಿನ ಲೈಟ್ ಮೀಟರ್ ಆ್ಯಪ್ ನಂಬುವವರಿಗೆ. ಆ್ಯಪ್ ಎಫ್/4ಕ್ಕೆ ಶಟರ್ ಸ್ಪೀಡ್ (ಫಿಲ್ಮಿನ ಮೇಲೆ ಬೆಳಕು ಬೀಳುವ ಅವಧಿ) 1/125 ಸೆಕೆಂಡ್ ಎನ್ನುತ್ತದೆ, ಅವರು ಅಪರ್ಚರ್ ರಿಂಗನ್ನು 4ಕ್ಕೆ ಇಡುತ್ತಾರೆ, ಆಮೇಲೆ ಝೂಮನ್ನು 300ಕ್ಕೆ ತಿರುಗಿಸುತ್ತಾರೆ. ರಿಂಗ್ ಇನ್ನೂ 4 ಎಂದೇ ತೋರಿಸುತ್ತಿರುತ್ತದೆ, ಫಿಲ್ಮಿಗೆ ಸಿಗುವುದು 5.6ರ ಬೆಳಕು. ಇಂಥ ಅನೇಕ ಲೆನ್ಸುಗಳಲ್ಲಿ ರಿಂಗನ್ನು 8ಕ್ಕೆ ಇಟ್ಟರೂ ಉದ್ದದ ತುದಿಯಲ್ಲಿ ಇದೇ ಪ್ರಮಾಣದ ಇಳಿಕೆಯಾಗುತ್ತದೆ. ಲೆನ್ಸಿನಿಂದ ಲೆನ್ಸಿಗೆ ವ್ಯತ್ಯಾಸವಿರುವುದರಿಂದ ನಿಮ್ಮದನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಲರ್ ನೆಗೆಟಿವ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಅಷ್ಟಾಗಿ ಸಹಿಸುವುದಿಲ್ಲ. ನೆರಳಿನ ಭಾಗದಲ್ಲಿ ದಾಖಲಾಗದೆ ಹೋದದ್ದನ್ನು ಸ್ಕ್ಯಾನರ್ ತಂದುಕೊಡಲಾರದು. ರಿಂಗೇ ಇಲ್ಲದ ನಿಕಾನ್ ಜಿ ಮಾದರಿಯ ಲೆನ್ಸನ್ನು ಎಫ್‌ಎಂ2ಗೆ ಹಾಕಿದರಂತೂ ಪ್ರತಿ ಫ್ರೇಮೂ ಅತಿ ಕಿರಿದಾದ ಅಪರ್ಚರಿನಲ್ಲೇ ಬೀಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಳಕನ್ನು ಸರಿಯಾಗಿ ಅಳೆದರೂ ಶಟರ್ ಸ್ಪೀಡಿನ ಲೆಕ್ಕ ಉಳಿದೇ ಇರುತ್ತದೆ. ಪೂರ್ಣ ಬಿಸಿಲಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಎಫ್/16ರಲ್ಲಿ 1/125 ಎಂಬುದು ಹಳೆಯ, ಇಂದಿಗೂ ನಂಬಬಹುದಾದ ಸೂತ್ರ. ತೆರೆದ ಜಾಗದ ನೆರಳಿನಲ್ಲಿ ಬೆಳಕು ನಾಲ್ಕು ಸ್ಟಾಪ್‌ಗಳಷ್ಟು ಇಳಿಯುತ್ತದೆ. ಆಗ 200 ಐಎಸ್‌ಒ ಫಿಲ್ಮಿನಲ್ಲಿ, ಎಫ್/5.6ರಲ್ಲಿ ನಿಮಗೆ ಸಿಗುವುದು 1/125. ಮರದ ದಟ್ಟ ನೆರಳಿನಲ್ಲಿ ಅಥವಾ ಸೂರ್ಯ ಏರುವ ಮುನ್ನ 1/30ಕ್ಕೆ ಇಳಿದರೂ ಆಶ್ಚರ್ಯವಿಲ್ಲ. 300 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯಲು ಕನಿಷ್ಠ 1/250, ಸುರಕ್ಷಿತವಾಗಿ 1/500 ಬೇಕು. ಅದೂ ನೆಲದ ಮೇಲೆ ನಿಂತು, ಹಕ್ಕಿ ಕದಲದೆ ಕುಳಿತಿದ್ದರೆ. ಕಾವೇರಿಯ ಮೇಲೆ ತೇಲುವ ದೋಣಿಯಲ್ಲಿ ಟ್ರೈಪಾಡ್ ಕೂಡ ನೆರವಿಗೆ ಬರುವುದಿಲ್ಲ, ಏಕೆಂದರೆ ಅದನ್ನು ಊರಿದ ಹಲಗೆಯೇ ಅಲುಗಾಡುತ್ತಿರುತ್ತದೆ.

ಡಿಜಿಟಲ್ ಕ್ಯಾಮೆರಾದಿಂದ ಫಿಲ್ಮಿಗೆ ಬಂದ ಎಳೆಯರಿಗೆ ಇದು ಬೇಗ ಮನಸ್ಸಿಗೆ ಇಳಿಯದಿರುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅಲ್ಲಿ ಕತ್ತಲಾದಂತೆ ಐಎಸ್‌ಒ ತಾನಾಗಿ 3200ಕ್ಕೆ ಏರುತ್ತದೆ, ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ಕೈನಡುಕವನ್ನು ತಡೆಯುತ್ತದೆ, ಚಿಕ್ಕ ಸೆನ್ಸರಿನಿಂದಾಗಿ 300 ಮಿ.ಮೀ. ಲೆನ್ಸ್ 450ರಂತೆ ಕಾಣುತ್ತದೆ. ಹಳೆಯ ಮ್ಯಾನುಯಲ್ ಕ್ಯಾಮೆರಾದಲ್ಲಿ ಈ ಮೂರೂ ಇಲ್ಲ. ರೋಲ್ ಹಾಕಿದ ಕ್ಷಣಕ್ಕೆ 36 ಫ್ರೇಮಿನ ಐಎಸ್‌ಒ ನಿಗದಿಯಾಗುತ್ತದೆ, ಮತ್ತು 300 ಎಂದರೆ ಅಲ್ಲಿ 300 ಮಾತ್ರ. ಸುಮಾರು 28 ಸೆಂ.ಮೀ. ಉದ್ದದ ಗದ್ದೆ ಮಿಂಚುಳ್ಳಿ 10 ಮೀಟರ್ ದೂರದಲ್ಲಿ ಕುಳಿತಿದ್ದರೆ 300 ಮಿ.ಮೀ.ನಲ್ಲಿ ಅದು ಫಿಲ್ಮಿನ ಮೇಲೆ ಮೂಡುವುದು ಹೆಚ್ಚೆಂದರೆ 9 ಮಿ.ಮೀ. ಉದ್ದಕ್ಕೆ. ಫ್ರೇಮಿನ ಅಗಲ 36 ಮಿ.ಮೀ. ಆದ್ದರಿಂದ ಸಣ್ಣ ಹಕ್ಕಿಗಳ ಹಿಂದೆ ಬೀಳುವವರನ್ನು ನಾನು ಸಾಮಾನ್ಯವಾಗಿ ಕೊಕ್ಕರೆ, ಹೆಜ್ಜಾರ್ಲೆಗಳ ಕಡೆ ತಿರುಗಿಸುತ್ತೇನೆ.

ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರ ರೋಲ್‌ಗಳನ್ನು ಡೆವಲಪ್ ಮಾಡುವುದು ನನಗೆ ಸಂತೋಷದ ಕೆಲಸ. ಅವರ ಬಳಿಯಿರುವುದು 80–200 ಎಫ್/4.5 ಮಾತ್ರ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವುದರಿಂದ, ಗೂಡಿಗೆ ತೊಂದರೆ ಕೊಡದೆ ಬೀದಿಯಲ್ಲಿ ನಿಂತರೂ 200 ಮಿ.ಮೀ.ಗೆ ಬಣ್ಣದ ಕೊಕ್ಕರೆ ಫ್ರೇಮಿನ ಅರ್ಧದಷ್ಟು ತುಂಬುತ್ತದೆ. ಅವರು 400 ಐಎಸ್‌ಒ ಫಿಲ್ಮ್ ಹಾಕಿ, ಬಿಸಿಲು ಮರದ ನೆತ್ತಿಗೆ ಬರುವವರೆಗೆ ಯಾರದೋ ಮನೆಯ ಜಗಲಿಯ ಮೇಲೆ ಕುಳಿತಿದ್ದು, ಎಫ್/8ರಲ್ಲಿ 1/1000ಕ್ಕೆ ತೆಗೆಯುತ್ತಾರೆ. ಹಳೆಯ ಝೂಮ್‌ಗಳು ಚುರುಕಾಗಿ ಮೂಡಿಸುವುದೂ ಸಾಮಾನ್ಯವಾಗಿ ಎಫ್/8ರಲ್ಲಿಯೇ. “ಗೂಡು ಇಲ್ಲೇ ಇದೆಯಲ್ಲ, ಹಕ್ಕಿ ಎಲ್ಲಿಗೆ ಹೋಗುತ್ತದೆ?” ಎಂದು ಅವರು ಕೇಳುತ್ತಾರೆ. ದೊಡ್ಡ ಲೆನ್ಸ್ ಕೊಳ್ಳಬೇಕೆಂದು ಸಲಹೆ ಕೇಳಿ ಬರುವವರಿಗೆ, ಅವರ ಅನುಮತಿ ಪಡೆದು, ಆ ರೋಲಿನ ಎಲ್ಲ ಫ್ರೇಮುಗಳೂ ಒಂದೇ ಹಾಳೆಯಲ್ಲಿರುವ ಕಾಂಟ್ಯಾಕ್ಟ್ ಶೀಟ್ ತೋರಿಸುತ್ತೇನೆ.

ಪ್ರವಾಸದ ಚಿತ್ರಗಳಿಗೆ ಇಷ್ಟು ಚಿಂತೆ ಬೇಡ. 28 ಅಥವಾ 35 ಮಿ.ಮೀ.ನಲ್ಲಿ 1/60 ಸಾಕಾಗುತ್ತದೆ. ಮಂಟಪದ ಒಳಗೆ ಕಂಬಕ್ಕೆ ಒರಗಿ 1/30ಕ್ಕೂ ತೆಗೆಯಬಹುದು. ಹಂಪಿಯ ಮಧ್ಯಾಹ್ನದಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ: 400 ಐಎಸ್‌ಒ ಫಿಲ್ಮ್ ಇದ್ದರೆ, 1/1000ಕ್ಕಿಂತ ವೇಗವಿಲ್ಲದ ಕೆ1000ನಲ್ಲಿ ಎಫ್/11ಕ್ಕಿಂತ ಹೆಚ್ಚು ತೆರೆಯಲು ಆಗುವುದಿಲ್ಲ. ಕಲ್ಲಿನ ಕೆಲಸಕ್ಕೆ ಅದರಿಂದ ನಷ್ಟವೇನೂ ಇಲ್ಲ. ಆದ್ದರಿಂದ ಹಕ್ಕಿಯೂ ಗುಡಿಯೂ ಒಂದೇ ರೋಲಿನಲ್ಲಿ ಬರಬೇಕೆಂದರೆ 200ಕ್ಕಿಂತ 400 ಐಎಸ್‌ಒ ಮೇಲು ಎಂಬುದು ನನ್ನ ಅಭಿಪ್ರಾಯ.

ಬೆಳಗಿನ ಜಾವವೇ ಹಕ್ಕಿ ಬೇಕೆನ್ನುವವರು ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡ್ಯಾಕ್ ಟ್ರೈ-ಎಕ್ಸ್‌ನಂತಹ 400 ಐಎಸ್‌ಒ ಕಪ್ಪು-ಬಿಳುಪು ಫಿಲ್ಮನ್ನು 1600ಕ್ಕೆ ಪುಶ್ ಮಾಡಿಸಬಹುದು, ಅಂದರೆ ಅದನ್ನು 1600 ಐಎಸ್‌ಒ ಎಂದೇ ಎಣಿಸಿ ಚಿತ್ರ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿಸಬಹುದು. ನೆರಳಿನ ವಿವರ ಸ್ವಲ್ಪ ಹೋಗುತ್ತದೆ, ಗ್ರೇನ್ ಮತ್ತು ಕಾಂಟ್ರಾಸ್ಟ್ ಹೆಚ್ಚುತ್ತವೆ, ಆದರೆ ಎರಡು ಸ್ಟಾಪ್ ಶಟರ್ ಸ್ಪೀಡ್ ಕೈಗೆ ಸಿಗುತ್ತದೆ. ಪುಶ್ ಇಡೀ ರೋಲಿಗೆ ಅನ್ವಯಿಸುವುದರಿಂದ ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಮೀಟರನ್ನು 1600ರಲ್ಲೇ ಇಡಬೇಕು. ರೋಲನ್ನು ಲ್ಯಾಬಿಗೆ ಕೊಡುವಾಗ ಡಬ್ಬಿಯ ಮೇಲೆ “1600” ಎಂದು ಮಾರ್ಕರಿನಲ್ಲಿ ಬರೆದುಕೊಡಿ. ಡೆವಲಪರಿನಲ್ಲಿ ಎಷ್ಟು ಹೊತ್ತು ಇಡಬೇಕೆಂದು ನಾವು ನಿರ್ಧರಿಸುವುದು ಅದನ್ನು ನೋಡಿಯೇ. ಡೆವಲಪ್ ಮುಗಿದು ಫಿಲ್ಮ್ ಫಿಕ್ಸರಿಗೆ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣಕ್ಕೆ) ಹೋದ ಮೇಲೆ ಫೋನ್ ಮಾಡಿ ತಿಳಿಸಿದರೆ ನಮ್ಮಿಂದ ಏನೂ ಮಾಡಲಾಗದು.